ಪಿ.ಪಿ. ನಂಬರಿನ ಮನೆಯಲ್ಲೊಂದು ಗೇಮ್ ಸರ್ವರ್

‘ಮಾಮ, ನಂಗೆ ಬರ್ತಿದೆ, ತಂಗಿ ಲ್ಯಾಪ್‌ಟಾಪಲ್ಲೂ ಬರ್ತಿದೆ. ಹುಬ್ಬಳ್ಳಿ ಅಣ್ಣಂಗೆ ಮಾತ್ರ ಬರ್ತಿಲ್ಲ.’

ಕಳೆದ ದಸರಾ ರಜೆಯಲ್ಲಿ ಮೈಸೂರಿನ ಅಕ್ಕನ ಮನೆಗೆ ಹೋದಾಗ, ನಾನಿನ್ನೂ ಚಪ್ಪಲಿ ಬಿಡುತ್ತಿರುವಾಗಲೇ ಅಕ್ಕನ ಮಗ ಹೇಳಿದ ಮಾತು ಇದು. ಅವನಿಗೆ ಹದಿನಾಲ್ಕು ವರ್ಷ. ಹಳೆಯ ಲ್ಯಾಪ್‌ಟಾಪ್ ಒಂದರಲ್ಲಿ ಮೈನ್‌ಕ್ರಾಫ್ಟ್ ಆಟದ ಸರ್ವರ್ ನಡೆಸಲು ಹೊರಟಿದ್ದ. ಹುಬ್ಬಳ್ಳಿಯ ದೊಡ್ಡಪ್ಪನ ಮಗ, ಶಿವಮೊಗ್ಗದ ಚಿಕ್ಕಮ್ಮನ ಮಕ್ಕಳಿಬ್ಬರು, ಅಮೆರಿಕದ ಸ್ಯಾನ್ ಹೊಸೆಯಲ್ಲಿರುವ ಅತ್ತೆಯ ಮಗಳು, ಇವರೆಲ್ಲ ಸೇರಿ ರಜೆ ಮುಗಿಯುವುದರೊಳಗೆ ಆಟದೊಳಗೆ ಒಂದು ಊರು ಕಟ್ಟಬೇಕು ಎಂಬುದು ಅವನ ಆಸೆ. ಎರಡು ದಿನ ಆಗಲೇ ಕಳೆದುಹೋಗಿತ್ತು. ಸಿಕ್ಕ ವಿಡಿಯೊ ಎಲ್ಲ ನೋಡಿ, ರೂಟರಿನ ಸೆಟ್ಟಿಂಗ್ ಎಲ್ಲ ತಿರುವಿ, ಒಮ್ಮೆ ಮನೆಯ ಇಂಟರ್ನೆಟ್ಟೇ ನಿಂತು ಅಪ್ಪನಿಂದ ಬೈಸಿಕೊಂಡಿದ್ದ. ‘ನಾನೇ ಏನೋ ತಪ್ಪು ಮಾಡಿದೀನಿ’ ಎಂದು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದ.

ಅವನು ಮಾಡಿದ್ದರಲ್ಲಿ ತಪ್ಪೇ ಇರಲಿಲ್ಲ. ಅದು ಗೊತ್ತಾಗುವಷ್ಟರಲ್ಲಿ ಸಂಜೆಯಾಯಿತು. ನೆಟ್‌ವರ್ಕ್ ಕೆಲಸದಲ್ಲಿ ಹಲವು ವರ್ಷ ಕಳೆದ ನನ್ನನ್ನೂ ಆ ಒಂದು ದಿನ ಮನೆ ಮನೆಯ ಬ್ರಾಡ್‌ಬ್ಯಾಂಡಿನ ಬಗ್ಗೆ ಬಹಳ ಯೋಚನೆಗೆ ಹಚ್ಚಿತು. ಮನೆಯಲ್ಲಿ ಮಕ್ಕಳು ಸರ್ವರ್ ಕಟ್ಟಲು ಹೊರಟಿರುವ ಎಲ್ಲರಿಗೂ ಇದು ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಚೌಕದ ಇಟ್ಟಿಗೆಗಳಿಂದ ಆದ ಜಗತ್ತು ಅದು. ಅಗೆಯಬಹುದು, ಕಟ್ಟಬಹುದು, ಬೆಳೆಯಬಹುದು. ಸ್ವೀಡನ್ನಿನ ಮಾರ್ಕುಸ್ ಪೆರ್ಸನ್ 2009ರಲ್ಲಿ ಇದರ ಮೊದಲ ರೂಪವನ್ನು ಹೊರಬಿಟ್ಟರು, 2011ರ ನವೆಂಬರಿನಲ್ಲಿ ಪೂರ್ಣ ಆವೃತ್ತಿ ಬಂತು, 2014ರಲ್ಲಿ ಮೈಕ್ರೋಸಾಫ್ಟ್ ಇದನ್ನು ಮಾಡಿದ ಮೊಜಾಂಗ್ ಕಂಪನಿಯನ್ನು 250 ಕೋಟಿ ಡಾಲರಿಗೆ ಕೊಂಡಿತು. ಇವತ್ತಿನ ಹೆಚ್ಚಿನ ಆನ್‌ಲೈನ್ ಆಟಗಳ ಸರ್ವರ್ ಕಂಪನಿಯ ಕಟ್ಟಡದಲ್ಲೇ ಇರುತ್ತದೆ. ಆಡುವ ಮಕ್ಕಳು ಅಲ್ಲಿ ಬಂದು ಹೋಗುವವರು ಅಷ್ಟೆ. ಮೈನ್‌ಕ್ರಾಫ್ಟಿನ ಸರ್ವರ್ ಪ್ರೋಗ್ರಾಂ ಮಾತ್ರ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ತಮ್ಮ ಮನೆಯಲ್ಲೇ ನಡೆಸಬಹುದು. ಯಾರು ಒಳಗೆ ಬರಬೇಕು, ಯಾವ ನಿಯಮ ಇರಬೇಕು ಎಂಬುದನ್ನು ಆ ಮನೆಯ ಹುಡುಗ ಹುಡುಗಿಯೇ ತೀರ್ಮಾನಿಸುತ್ತಾರೆ. ಇಂಟರ್ನೆಟ್ ಹೇಗೆ ನಡೆಯುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ಶಾಲೆಯಲ್ಲಿ ನನಗಂತೂ ಸಿಕ್ಕಿರಲಿಲ್ಲ.

ಪರದೆಯ ಮೇಲಿನ ಸಾಲು

ನಾನು ಅವನನ್ನು ಮೊದಲು ಕೇಳಿದ್ದು ಇಷ್ಟೆ: ‘ಹುಬ್ಬಳ್ಳೀಲಿ ಪರದೆ ಮೇಲೆ ಏನು ಬರ್ತಿದೆ? ಒಂದಕ್ಷರ ಬಿಡದೆ ಓದಕ್ಕೆ ಹೇಳು.’

‘ಕನೆಕ್ಟ್ ಆಗ್ತಿಲ್ಲ’ ಎಂಬುದು ಡಾಕ್ಟರ ಮುಂದೆ ಕೂತು ‘ಹುಷಾರಿಲ್ಲ’ ಎಂದ ಹಾಗೆ. ಜ್ವರವೋ, ಹೊಟ್ಟೆನೋವೋ ಹೇಳಬೇಕು. ಪರದೆಯ ಮೇಲೆ ಮೂಡುವ ಇಂಗ್ಲಿಷ್ ಸಾಲು ಅದನ್ನು ಬಹಳ ಸ್ಪಷ್ಟವಾಗಿಯೇ ಹೇಳುತ್ತದೆ, ನಾವು ಓದದೆ ಮುಚ್ಚಿಬಿಡುತ್ತೇವೆ.

‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಂದರೆ ಬಾಗಿಲು ತಟ್ಟಿದಿರಿ, ಒಳಗಿನಿಂದ ತಕ್ಷಣ ‘ಅಂಥವರು ಇಲ್ಲಿ ಯಾರೂ ಇಲ್ಲ’ ಎಂದು ಯಾರೋ ಹೇಳಿದರು ಎಂದರ್ಥ. ಇದು ನಿರಾಸೆಯ ಮಾತಿನಂತೆ ಕಂಡರೂ ಒಳ್ಳೆಯ ಸುದ್ದಿ. ನಿಮ್ಮ ಕೂಗು ಯಾವುದೋ ಒಂದು ಯಂತ್ರದ ತನಕ ಹೋಗಿದೆ, ಉತ್ತರ ವಾಪಸು ಬಂದಿದೆ, ಅಂದರೆ ದಾರಿ ಇದೆ. ಆ ಯಂತ್ರದಲ್ಲಿ ಸರ್ವರ್ ಓಡುತ್ತಿಲ್ಲ, ಇಲ್ಲವೇ ಬೇರೆ ಪೋರ್ಟಿನಲ್ಲಿ, ಅಂದರೆ ಆ ಯಂತ್ರದ ಬೇರೆ ನಂಬರಿನ ಬಾಗಿಲಲ್ಲಿ, ಕೂತಿದೆ, ಇಲ್ಲವೇ ನೀವು ತಟ್ಟಿದ್ದು ರೂಟರಿನ ಬಾಗಿಲು.

‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ಬೇರೆಯೇ ಕಥೆ. ತಟ್ಟಿದಿರಿ, ಕಾದಿರಿ, ಯಾರೂ ಉತ್ತರವನ್ನೇ ಕೊಡಲಿಲ್ಲ. ನಿಮ್ಮ ಕೂಗು ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. ಫೈರ್‌ವಾಲ್ ಸದ್ದಿಲ್ಲದೆ ಎಸೆದಿರಬಹುದು, ರೂಟರಿಗೆ ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಬಿಟ್ಟಿರಬಹುದು, ಅಥವಾ ವಿಳಾಸವೇ ಬೇರೆ ಯಾರದೋ ಆಗಿರಬಹುದು. ‘ಅನ್‌ನೋನ್ ಹೋಸ್ಟ್’ ಎಂದು ಬಂದರೆ ಕೊಟ್ಟ ಹೆಸರಿಗೆ ವಿಳಾಸವೇ ಸಿಗಲಿಲ್ಲ; ಹತ್ತರಲ್ಲಿ ಒಂಬತ್ತು ಸಲ ಅದು ಅಕ್ಷರದ ತಪ್ಪು. ‘ಔಟ್‌ಡೇಟೆಡ್ ಕ್ಲೈಂಟ್’ ಅಥವಾ ‘ಔಟ್‌ಡೇಟೆಡ್ ಸರ್ವರ್’ ಎಂದು ಬಂದರೆ ಸಂಪರ್ಕ ಸರಿಯಾಗಿಯೇ ಇದೆ, ಎರಡೂ ಕಡೆ ಆಟದ ಆವೃತ್ತಿ ಒಂದೇ ಇಲ್ಲ. ಅಂಥ ಹೊತ್ತಿನಲ್ಲಿ ರೂಟರ್ ಮುಟ್ಟಲೇಬಾರದು.

ಹುಬ್ಬಳ್ಳಿಯಿಂದ ಬಂದ ಉತ್ತರ: ಟೈಮ್ಡ್ ಔಟ್.

ಒಳಗಿನಿಂದ ಹೊರಗೆ

ಇಂಥ ಕೆಲಸದಲ್ಲಿ ನಾನು ಬಿಡದೆ ಪಾಲಿಸುವ ಕ್ರಮ ಒಂದಿದೆ. ಸರ್ವರಿನ ಹೊಟ್ಟೆಯಿಂದ ಶುರುಮಾಡಿ ಒಂದೊಂದೇ ಹೊಸಿಲು ದಾಟಿ ಹೊರಗೆ ಬರಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದೇ ಇಲ್ಲ. ಹುಡುಗ ಎರಡು ದಿನದಲ್ಲಿ ಹತ್ತಾರು ಬದಲಾವಣೆ ಮಾಡಿದ್ದ. ಎಲ್ಲವನ್ನೂ ಹಿಂದಕ್ಕೆ ತಿರುಗಿಸಿ, ಒಂದು ನೋಟ್‌ಬುಕ್ ಹಿಡಿಸಿ ಕೂರಿಸಿದೆ.

ಮೊದಲ ಹೊಸಿಲು ಅದೇ ಲ್ಯಾಪ್‌ಟಾಪ್. ಸರ್ವರ್ ಓಡುತ್ತಿರುವ ಯಂತ್ರದಲ್ಲೇ ಆಟ ತೆರೆದು, ವಿಳಾಸದ ಜಾಗದಲ್ಲಿ ‘ಲೋಕಲ್‌ಹೋಸ್ಟ್’ ಎಂದು ಕೊಟ್ಟರೆ ಯಂತ್ರ ತನ್ನನ್ನೇ ತಾನು ಕೂಗಿಕೊಳ್ಳುತ್ತದೆ. ಇಲ್ಲೇ ಆಗದಿದ್ದರೆ ಇಂಟರ್ನೆಟ್ ಬೈದು ಫಲವಿಲ್ಲ. ಸರ್ವರ್ ಓಡಲು ಬೇಕಾದ ಜಾವಾ ಹಳೆಯದಿರಬಹುದು: ಆಟದ 1.18ನೇ ಆವೃತ್ತಿಗೆ ಜಾವಾ 17 ಬೇಕು, 1.20.5ಕ್ಕೆ ಜಾವಾ 21 ಬೇಕು. ಬಳಕೆಯ ಕರಾರಿಗೆ ಒಪ್ಪಿಗೆ ಕೊಡುವ ಕಡತದಲ್ಲಿ ‘ಫಾಲ್ಸ್’ ಎಂದಿರುವುದನ್ನು ‘ಟ್ರೂ’ ಮಾಡದಿದ್ದರೆ ಸರ್ವರ್ ಹುಟ್ಟಿದ ಕೂಡಲೇ ನಿಲ್ಲುತ್ತದೆ. ‘ಫೇಲ್ಡ್ ಟು ಬೈಂಡ್ ಟು ಪೋರ್ಟ್’ ಎಂದು ಬಂದರೆ ಹೆಚ್ಚಿನ ಸಲ ನಿನ್ನೆ ರಾತ್ರಿ ಶುರುಮಾಡಿದ ಸರ್ವರ್ ಇನ್ನೂ ಹಿಂದೆ ಓಡುತ್ತಾ ಆ ಪೋರ್ಟನ್ನು ಹಿಡಿದುಕೊಂಡಿದೆ. ಇದಿಲ್ಲದಿದ್ದರೆ ಸೆಟ್ಟಿಂಗ್ ಕಡತದಲ್ಲಿ ‘ಸರ್ವರ್ ಐಪಿ’ ಎಂಬ ಸಾಲಿನ ಮುಂದೆ ಏನೋ ತುಂಬಿದ್ದೀರಿ. ಆ ಸಾಲನ್ನು ಖಾಲಿ ಬಿಡಬೇಕು. ಹೆಸರು ನೋಡಿ ಅಲ್ಲಿ ಮನೆಯ ಇಂಟರ್ನೆಟ್ ವಿಳಾಸ ತುಂಬುವ ತಪ್ಪನ್ನು ಮಕ್ಕಳೇ ಏನು, ದೊಡ್ಡವರೂ ಮಾಡುತ್ತಾರೆ.

ಎರಡನೆಯ ಹೊಸಿಲು ಪಕ್ಕದ ಕೋಣೆ. ಅದೇ ವೈಫೈನಲ್ಲಿರುವ ಇನ್ನೊಂದು ಕಂಪ್ಯೂಟರಿನಿಂದ 192.168 ಎಂದು ಶುರುವಾಗುವ ಮನೆಯೊಳಗಿನ ವಿಳಾಸಕ್ಕೆ ಸೇರಬೇಕು. ಇಲ್ಲಿ ಅಡ್ಡ ಬರುವುದು ಸಾಮಾನ್ಯವಾಗಿ ವಿಂಡೋಸಿನ ಫೈರ್‌ವಾಲ್. ಜಾವಾ ಮೊದಲ ಸಲ ಓಡುವಾಗ ಅದು ಅನುಮತಿ ಕೇಳುತ್ತದೆ. ಅವಸರದಲ್ಲಿ ‘ಕ್ಯಾನ್ಸಲ್’ ಒತ್ತಿದ್ದರೆ ಅದನ್ನೇ ತಡೆಯಾಜ್ಞೆ ಎಂದು ನೆನಪಿಟ್ಟುಕೊಳ್ಳುತ್ತದೆ. ಮನೆಯ ವೈಫೈಯನ್ನು ‘ಪಬ್ಲಿಕ್’ ನೆಟ್‌ವರ್ಕ್ ಎಂದು ಗುರುತು ಹಾಕಿದ್ದರೂ ಹೀಗೇ ಆಗುತ್ತದೆ. ಫೈರ್‌ವಾಲನ್ನೇ ಪೂರ್ತಿ ಆರಿಸಿಬಿಡಿ ಎಂದು ಎಷ್ಟೋ ವಿಡಿಯೊಗಳು ಹೇಳುತ್ತವೆ. ಕಿಟಕಿಯ ಚಿಲಕ ಸಿಕ್ಕಿಹಾಕಿಕೊಂಡಿದೆ ಎಂದು ಗೋಡೆ ಕೆಡವಿದ ಹಾಗೆ ಅದು. ಜಾವಾಗೆ, ಆ ಒಂದು ಪೋರ್ಟಿಗೆ, ಮನೆಯ ನೆಟ್‌ವರ್ಕಿಗೆ ಅನುಮತಿ ಕೊಟ್ಟರೆ ಸಾಕು. ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈನಲ್ಲಿ ಒಂದು ಕಂಪ್ಯೂಟರು ಇನ್ನೊಂದನ್ನು ನೋಡಲು ಸಾಮಾನ್ಯವಾಗಿ ಬಿಡುವುದಿಲ್ಲ ಎಂಬುದೂ ನೆನಪಿರಲಿ.

ನಮ್ಮ ಹುಡುಗ ಈ ಎರಡೂ ಹೊಸಿಲು ದಾಟಿದ್ದ. ತಂಗಿಯ ಲ್ಯಾಪ್‌ಟಾಪಿನಲ್ಲಿ ಬರುತ್ತಿದೆ ಎಂಬ ಅವನ ಮಾತಿನ ಅರ್ಥ ಅದೇ. ಉಳಿದದ್ದು ಮೂರನೆಯದು, ಬೀದಿ ಬಾಗಿಲು.

ವಠಾರ ಮತ್ತು ಒಂದೇ ಫೋನು

ನಲವತ್ತು ದಾಟಿದ ಓದುಗರಿಗೆ ಪಿ.ಪಿ. ನಂಬರ್ ನೆನಪಿರುತ್ತದೆ. ವಠಾರದಲ್ಲಿ ಏಳೆಂಟು ಸಂಸಾರ, ಫೋನು ಮಾತ್ರ ಮಾಲೀಕರ ಮನೆಯಲ್ಲಿ. ಮದುವೆಯ ಕರೆಯೋಲೆಯಲ್ಲೂ ಆ ನಂಬರನ್ನೇ ಹಾಕಿ ಪಕ್ಕದಲ್ಲಿ ‘ಪಿ.ಪಿ.’ ಎಂದು ಬರೆಯುತ್ತಿದ್ದೆವು. ನಾವು ಫೋನು ಮಾಡಬೇಕಾದರೆ ತೊಂದರೆಯಿಲ್ಲ. ಮಾಲೀಕರ ಮನೆಗೆ ಹೋಗಿ ನಂಬರ್ ಒತ್ತಿ ಮಾತಾಡಿ ಬರುತ್ತಿದ್ದೆವು. ನಮಗೆ ಹೊರಗಿನಿಂದ ಫೋನು ಬರಬೇಕಾದರೆ ಮಾತ್ರ ಮಾಲೀಕರ ಮನೆಯ ಅಮ್ಮನಿಗೆ ಮೊದಲೇ ಹೇಳಿರಬೇಕಿತ್ತು: ‘ಹೀಗಂತ ಕೇಳಿಕೊಂಡು ಫೋನ್ ಬಂದ್ರೆ ಹಿಂದಿನ ಮನೆಗೆ ಒಂದು ಕೂಗು ಹಾಕಿ.’ ಹೇಳಿರದಿದ್ದರೆ ಆ ತಾಯಿ ‘ಗೊತ್ತಿಲ್ಲ’ ಎಂದು ಇಟ್ಟುಬಿಡುತ್ತಿದ್ದರು.

ಇವತ್ತಿನ ಮನೆಯ ರೂಟರ್ ಆ ಮಾಲೀಕರ ಮನೆ. ಮೊಬೈಲು, ಟಿವಿ, ಲ್ಯಾಪ್‌ಟಾಪು ಎಲ್ಲ ವಠಾರದ ಸಂಸಾರಗಳು. ಹೊರಲೋಕಕ್ಕೆ ಕಾಣುವುದು ಒಂದೇ ನಂಬರ್. ಒಳಗಿನಿಂದ ಹೊರಗೆ ಹೋದ ಪ್ರತಿ ಕರೆಯನ್ನೂ ರೂಟರ್ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದರಿಂದ ಅದರ ಉತ್ತರ ಸರಿಯಾದ ಯಂತ್ರಕ್ಕೆ ಸೇರುತ್ತದೆ. ಹೊರಗಿನಿಂದ ತಾನಾಗಿ ಬಂದ ಕರೆಗೆ ಪುಸ್ತಕದಲ್ಲಿ ಗುರುತಿಲ್ಲ, ಎಸೆದುಬಿಡುತ್ತದೆ. ಗೇಮ್ ಸರ್ವರಿಗೆ ಬರುವ ಕರೆಗಳೆಲ್ಲ ಹೊರಗಿನಿಂದ ಬರುವಂಥವೇ.

‘ಪೋರ್ಟ್ ಫಾರ್ವರ್ಡಿಂಗ್’ ಎಂದರೆ ಆ ಅಮ್ಮನಿಗೆ ಹೇಳಿ ಬರುವ ಮಾತು. ಒಂದು ವಿಳಾಸದಲ್ಲಿ 65,535ರವರೆಗೆ ಪೋರ್ಟುಗಳಿರುತ್ತವೆ. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿ ಕೂರುವುದು 25565ರಲ್ಲಿ. ‘25565 ಕೇಳಿ ಬಂದವರನ್ನು ಈ ಲ್ಯಾಪ್‌ಟಾಪಿಗೆ ಕಳಿಸು’ ಎಂದು ರೂಟರಿನಲ್ಲಿ ಬರೆಯುತ್ತೇವೆ. ಇಲ್ಲಿ ಜಾರುವ ಜಾಗಗಳು ಕೆಲವಿವೆ. ಮೊಬೈಲಿನಲ್ಲಿ, ಟ್ಯಾಬಿನಲ್ಲಿ ಆಡುವ ಬೆಡ್‌ರಾಕ್ ಆವೃತ್ತಿಯ ಪೋರ್ಟ್ 19132. ಜಾವಾ ಟಿಸಿಪಿ ಎಂಬ ಕ್ರಮದಲ್ಲಿ ಮಾತಾಡಿದರೆ ಬೆಡ್‌ರಾಕ್ ಮಾತಾಡುವುದು ಯುಡಿಪಿ ಎಂಬ ಕ್ರಮದಲ್ಲಿ. ರೂಟರಿನಲ್ಲಿ ಒಂದರ ಬದಲು ಇನ್ನೊಂದನ್ನು ಆರಿಸಿದರೆ ನಂಬರ್ ಸರಿಯಿದ್ದರೂ ಬಾಗಿಲು ತೆರೆಯುವುದಿಲ್ಲ. ಲ್ಯಾಪ್‌ಟಾಪಿನ ಮನೆಯೊಳಗಿನ ವಿಳಾಸ ನಾಳೆ ಬದಲಾಗಬಹುದು. ಇವತ್ತು 192.168.1.5 ಇದ್ದದ್ದು ನಾಳೆ 192.168.1.8 ಆದರೆ ಕರೆ ಟಿವಿಗೆ ಹೋಗಬಹುದು. ಆ ಯಂತ್ರಕ್ಕೆ ಆ ವಿಳಾಸವನ್ನೇ ಕಾದಿರಿಸಿ ಎಂದು ರೂಟರಿಗೆ ಹೇಳಿಡಬೇಕು. ಪೋರ್ಟ್ ತೆರೆದಿದೆಯೇ ಎಂದು ಪರೀಕ್ಷಿಸುವ ಜಾಲತಾಣಗಳು ಸರ್ವರ್ ಓಡುತ್ತಿರದಿದ್ದರೆ ‘ಮುಚ್ಚಿದೆ’ ಎಂದೇ ಹೇಳುತ್ತವೆ. ಕೊನೆಗೆ, ಮನೆಯೊಳಗೆ ಕೂತು ಮನೆಯ ಹೊರಗಿನ ವಿಳಾಸಕ್ಕೆ ಸೇರಲು ಹೋದರೆ ಅನೇಕ ರೂಟರುಗಳು ಬಿಡುವುದಿಲ್ಲ. ಒಂದು ಮೊಬೈಲಿನ ವೈಫೈ ಆಫ್ ಮಾಡಿ, ಅದರ ಡೇಟಾದಿಂದಲೇ ನೋಡಬೇಕು.

ಹುಡುಗ ಹೊಸದಾಗಿ ಬರೆದ ನಿಯಮ ನೋಡಿದೆ. ಪೋರ್ಟ್ ಸರಿ, ಟಿಸಿಪಿ ಸರಿ, ವಿಳಾಸ ಸರಿ. ನನ್ನ ಮೊಬೈಲ್ ಡೇಟಾದಿಂದ ಲ್ಯಾಪ್‌ಟಾಪ್ ಜೋಡಿಸಿ ಪರೀಕ್ಷಿಸಿದೆ. ಟೈಮ್ಡ್ ಔಟ್.

‘ಈಗ ರೂಟರಿನ ಪುಟದಲ್ಲಿ ಹೊರಗಿನ ವಿಳಾಸ ಅಂತ ಏನಿದೆ ಓದು’ ಎಂದೆ.

‘100.72…’ ಎಂದು ಓದತೊಡಗಿದ.

‘ಈಗ ನನ್ನ ಐಪಿ ಯಾವುದು ಅಂತ ತೋರಿಸೋ ಜಾಲತಾಣ ಏನು ಹೇಳತ್ತೆ ನೋಡು.’

ಅವನು ಎರಡೂ ಕಿಟಕಿ ಅಕ್ಕಪಕ್ಕ ಇಟ್ಟು ದಿಟ್ಟಿಸಿದ. ‘ಎರಡೂ ಬೇರೆ ಬೇರೆ ಇದೆಯಲ್ಲ ಮಾಮ?’

ಎರಡು ದಿನದ ಹುಡುಕಾಟ ಮುಗಿದದ್ದು ಆ ಪ್ರಶ್ನೆಯಲ್ಲಿ. ವಠಾರದ ಮಾಲೀಕರ ಮನೆಯಲ್ಲಿದ್ದದ್ದು ನೇರ ಲೈನ್ ಅಲ್ಲ, ಇನ್ನೂ ದೊಡ್ಡ ಒಂದು ಬೋರ್ಡಿನ ಎಕ್ಸ್‌ಟೆನ್ಷನ್. ಹೊರಗಿನವರಿಗೆ ಕಾಣುವ ನಂಬರ್ ಆ ಬೋರ್ಡಿನದು, ಅಲ್ಲಿ ಕೂತವರಿಗೆ ನಮ್ಮ ವಠಾರವೇ ಗೊತ್ತಿಲ್ಲ. ಮಾಲೀಕರ ಮನೆಯ ಅಮ್ಮನಿಗೆ ನಾವು ಎಷ್ಟು ಹೇಳಿದರೂ ಕರೆ ಅವರ ತನಕ ಬಂದರೆ ತಾನೆ?

ನಂಬರು ಮುಗಿದ ಕಥೆ

ಇದಕ್ಕೆ ಕ್ಯಾರಿಯರ್ ಗ್ರೇಡ್ ನ್ಯಾಟ್, ಸಿಜಿನ್ಯಾಟ್, ಎನ್ನುತ್ತಾರೆ. ಇಂಟರ್ನೆಟ್ ಕಂಪನಿ ಒಂದೇ ಹೊರವಿಳಾಸವನ್ನು ಅನೇಕ ಮನೆಗಳಿಗೆ ಹಂಚುತ್ತದೆ. ಹೀಗೇಕೆ ಮಾಡಬೇಕಾಯಿತು ಎಂಬುದು 1970ರ ದಶಕಕ್ಕೆ ಹೋಗಿ ನಿಲ್ಲುತ್ತದೆ. ಆಗ ಇಂಟರ್ನೆಟ್ ವಿಳಾಸಕ್ಕೆ 32 ಬಿಟ್ ಸಾಕು ಎಂದು ತೀರ್ಮಾನಿಸಿದರು. ಅದನ್ನೊಂದು ಪ್ರಯೋಗವೆಂದೇ ತಿಳಿದಿದ್ದೆವು ಎಂದು ಆ ತೀರ್ಮಾನದಲ್ಲಿ ಪಾಲಿದ್ದ ವಿಂಟ್ ಸರ್ಫ್ ಮುಂದೆ ಹಲವು ಬಾರಿ ಹೇಳಿದ್ದಾರೆ. 1981ರ ಸೆಪ್ಟೆಂಬರಿನಲ್ಲಿ ಐಪಿವಿ4 ಎಂಬ ಆ ಕ್ರಮ ಪ್ರಕಟವಾಯಿತು. 32 ಬಿಟ್‌ಗಳಿಂದ ಒಟ್ಟು 429 ಕೋಟಿ 49 ಲಕ್ಷ 67 ಸಾವಿರದ 296 ವಿಳಾಸ ಹುಟ್ಟುತ್ತವೆ. ಇವತ್ತಿನ ಜಗತ್ತಿನಲ್ಲಿ ತಲೆಗೊಂದರಂತೆಯೂ ಬರುವುದಿಲ್ಲ.

ವಠಾರದ ಉಪಾಯವನ್ನು, ಅಂದರೆ ನ್ಯಾಟ್ ಅನ್ನು, 1994ರ ಮೇ ತಿಂಗಳಲ್ಲಿ ಇಬ್ಬರು ಎಂಜಿನಿಯರುಗಳು ಪ್ರಕಟಿಸಿದರು, ಒಳ್ಳೆಯ ಪರಿಹಾರ ಬರುವ ತನಕ ನಡೆಸಿಕೊಂಡು ಹೋಗಲು. 2011ರ ಫೆಬ್ರುವರಿ 3ರಂದು ವಿಳಾಸಗಳ ಕೇಂದ್ರ ಉಗ್ರಾಣ ಬರಿದಾಯಿತು. ಉಳಿದಿದ್ದ ಐದು ದೊಡ್ಡ ಕಟ್ಟುಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದರಂತೆ ಕೊಟ್ಟು ಕೈತೊಳೆದುಕೊಂಡರು. ಭಾರತ ಸೇರಿರುವ ಏಷ್ಯಾ ಪೆಸಿಫಿಕ್ ವಲಯದ ಸಂಸ್ಥೆ ಏಪ್ನಿಕ್, ಐದರಲ್ಲಿ ಎಲ್ಲಕ್ಕಿಂತ ಮೊದಲು, ಅದೇ ಏಪ್ರಿಲ್ 15ಕ್ಕೆ ತನ್ನ ಕೊನೆಯ ಕಟ್ಟಿಗೆ ಬಂದು ನಿಂತಿತು. ಆಗ ಒಬ್ಬ ಸದಸ್ಯನಿಗೆ ಆ ಕಟ್ಟಿನಿಂದ ಹೆಚ್ಚೆಂದರೆ 1,024 ವಿಳಾಸ ಎಂದಾಯಿತು. ತಾಲ್ಲೂಕು ಊರೊಂದರಲ್ಲಿ ಫೈಬರ್ ಎಳೆದು ಎರಡು ಮೂರು ಸಾವಿರ ಮನೆಗೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿ ಏನು ಮಾಡಬೇಕು? ಹಂಚಲೇಬೇಕು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. 2012ರ ಏಪ್ರಿಲಿನಲ್ಲಿ ಈ ಹಂಚಿಕೆಗೆಂದೇ 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಿಟ್ಟರು. ನಿಮ್ಮ ರೂಟರಿನ ಹೊರವಿಳಾಸ ಆ ನಡುವೆ ಇದ್ದರೆ, ಅಥವಾ 10ರಿಂದ ಶುರುವಾಗಿದ್ದರೆ, ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಮಾಡಿದರೂ ಪ್ರಯೋಜನವಿಲ್ಲ. ಕೆಲವು ಮನೆಗಳಲ್ಲಿ ಕಂಪನಿ ಕೊಟ್ಟ ಫೈಬರ್ ಪೆಟ್ಟಿಗೆಯ ಹಿಂದೆ ಅಂಗಡಿಯಿಂದ ತಂದ ಇನ್ನೊಂದು ರೂಟರ್ ಇರುತ್ತದೆ. ಅಲ್ಲಿ ಎರಡನೆಯ ರೂಟರಿಗೆ ಹೊರವಿಳಾಸವಾಗಿ 192.168 ಎಂದು ಶುರುವಾಗುವ ನಂಬರೇ ಬಂದಿರುತ್ತದೆ. ಅದು ನಮ್ಮ ಮನೆಯೊಳಗಿನ ಗಂಟು, ಫೈಬರ್ ಪೆಟ್ಟಿಗೆಯನ್ನು ತಾನು ವಿಳಾಸ ಹಂಚದೆ ಬರೀ ದಾರಿ ಬಿಡುವ ಬ್ರಿಜ್ ಮೋಡಿಗೆ ಹಾಕಿ ಬಿಡಿಸಬಹುದು.

ಇದನ್ನು ಪತ್ತೆ ಮಾಡಲು ಬೇಕಾದದ್ದು ಎರಡು ನಂಬರು ಹೋಲಿಸುವ ಒಂದು ನಿಮಿಷ. ಆ ನಿಮಿಷವನ್ನು ಎಲ್ಲಕ್ಕಿಂತ ಮೊದಲು ಕೊಟ್ಟಿದ್ದರೆ ಹುಡುಗನ ಎರಡು ದಿನ ಉಳಿಯುತ್ತಿತ್ತು. ಅವನು ನೋಡಿದ ವಿಡಿಯೊಗಳಲ್ಲಿ ಒಂದರಲ್ಲೂ ಅದನ್ನು ಹೇಳಿರಲಿಲ್ಲ.

ಭಾವ ತಮ್ಮ ಬ್ರಾಡ್‌ಬ್ಯಾಂಡಿನ ಕಸ್ಟಮರ್ ಕೇರಿಗೆ ಫೋನು ಹಚ್ಚಿದರು. ಮೂರು ಜನ ಒಬ್ಬರಾದ ಮೇಲೊಬ್ಬರು ‘ಸ್ಪೀಡ್ ಟೆಸ್ಟ್ ಮಾಡಿ ಸರ್, ಸ್ಪೀಡ್ ಸರಿಯಾಗಿ ಬರ್ತಿದೆಯಲ್ಲ’ ಎಂದರು. ನಾಲ್ಕನೆಯವರು, ದನಿ ಕೇಳಿದರೆ ಇನ್ನೂ ಚಿಕ್ಕ ಹುಡುಗಿ, ಪ್ರಶ್ನೆ ಪೂರ್ತಿ ಕೇಳಿಸಿಕೊಂಡು ನಿಜ ಹೇಳಿದರು: ಈ ಪ್ಲಾನಿನಲ್ಲಿ ಪಬ್ಲಿಕ್ ವಿಳಾಸ ಕೊಡುವುದಿಲ್ಲ, ಸ್ಟ್ಯಾಟಿಕ್ ಐಪಿ ಬೇಕಾದರೆ ತಿಂಗಳಿಗೆ ಬೇರೆ ದುಡ್ಡು. ಕನೆಕ್ಷನ್ ಹಾಕಿಸುವ ದಿನ ಕೊಟ್ಟ ಕಾಗದದಲ್ಲಿ ಇದರ ಒಂದಕ್ಷರವೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಇದಕ್ಕೆ. ಹಂಚಿಕೊಂಡು ಕೊಡುವುದು ಅನಿವಾರ್ಯ ಇರಬಹುದು, ಹೇಳದೆ ಕೊಡುವುದಕ್ಕೆ ಯಾವ ಅನಿವಾರ್ಯವೂ ಇಲ್ಲ. ಈ ಲೈನಿನಲ್ಲಿ ನೀವು ಹೊರಗೆ ಹೋಗಬಹುದು, ಯಾರೂ ನಿಮ್ಮಲ್ಲಿಗೆ ಬರಲಾಗದು ಎಂಬುದು ವೇಗದಷ್ಟೇ ಮುಖ್ಯವಾದ ಸಂಗತಿ. ಮನೆಯ ಸಿಸಿಟಿವಿಯನ್ನು ಹೊರಗಿನಿಂದ ನೇರವಾಗಿ ನೋಡಬೇಕೆನ್ನುವವರಿಗೂ, ಅಂಗಡಿಯ ಲೆಕ್ಕದ ಕಂಪ್ಯೂಟರನ್ನು ಊರಿನಿಂದ ತೆರೆಯಬೇಕೆನ್ನುವವರಿಗೂ ಇದೇ ಗೋಡೆ ಅಡ್ಡ ಬರುತ್ತದೆ.

ಗೋಡೆ ಸುತ್ತುವ ದಾರಿಗಳು

ನಿಜವಾದ ಪರಿಹಾರ ಐಪಿವಿ6. ಅದರ ಮೊದಲ ರೂಪ 1995ರಲ್ಲೇ ಪ್ರಕಟವಾಯಿತು. 128 ಬಿಟ್‌ಗಳ ವಿಳಾಸ. ಒಟ್ಟು ಸಂಖ್ಯೆ ಬರೆಯಬೇಕಾದರೆ 340ರ ಮುಂದೆ 36 ಸೊನ್ನೆ ಇಡಬೇಕು. ಇಲ್ಲಿ ವಠಾರವೇ ಇಲ್ಲ, ಪ್ರತಿ ಯಂತ್ರಕ್ಕೂ ಸ್ವಂತ ನಂಬರ್. ಈ ವಿಷಯದಲ್ಲಿ ಭಾರತ ಹಿಂದಿಲ್ಲ: 2016ರಲ್ಲಿ ಶುರುವಾದ ಜಿಯೊ ತನ್ನ 4ಜಿ ಜಾಲವನ್ನು ಐಪಿವಿ6 ಮೇಲೆ ಕಟ್ಟಿತು, ಗೂಗಲಿನ ಅಳತೆಯಂತೆ ಇವತ್ತು ನಮ್ಮ ದೇಶದ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐಪಿವಿ6ನಲ್ಲಿದ್ದಾರೆ. ಅಕ್ಕನ ಮನೆಯ ಲ್ಯಾಪ್‌ಟಾಪಿಗೂ ಅಂಥ ವಿಳಾಸ ಬಂದಿತ್ತು. ಹುಬ್ಬಳ್ಳಿಗೆ ಅದನ್ನೇ ಕಳಿಸಿದೆವು, ಚೌಕಾಕಾರದ ಕಂಸದೊಳಗೆ ಇಟ್ಟು, ಕೊನೆಗೆ ಪೋರ್ಟ್ ಸೇರಿಸಿ. ಅದೂ ಟೈಮ್ಡ್ ಔಟ್. ವಿಳಾಸ ನಮ್ಮದೇ ಆದರೂ ರೂಟರಿನ ಫೈರ್‌ವಾಲ್ ಹೊರಗಿನ ಕರೆಯನ್ನು ತಡೆಯುತ್ತದೆ, ತಡೆಯಬೇಕಾದದ್ದೇ. ಒಂದು ಪೋರ್ಟಿಗೆ ಮಾತ್ರ ಬಿಡು ಎಂದು ಹೇಳುವ ಪುಟ ಕಂಪನಿಯ ಪಾಸ್‌ವರ್ಡಿನ ಹಿಂದಿತ್ತು, ಗ್ರಾಹಕರಿಗೆ ಅದನ್ನು ಕೊಡುವುದಿಲ್ಲ ಎಂದರು. ನಿಮ್ಮ ರೂಟರಿನಲ್ಲಿ ಆ ಪುಟ ತೆರೆದಿದ್ದು, ಎರಡೂ ಕಡೆ ಐಪಿವಿ6 ಇದ್ದರೆ ದಾರಿ ಸುಲಭ. ಲ್ಯಾಪ್‌ಟಾಪುಗಳು ಆಗಾಗ ಬದಲಾಗುವ ತಾತ್ಕಾಲಿಕ ವಿಳಾಸವನ್ನೂ ಇಟ್ಟುಕೊಳ್ಳುತ್ತವೆ. ಸ್ನೇಹಿತರಿಗೆ ಕೊಡಬೇಕಾದದ್ದು ಅದನ್ನಲ್ಲ, ಸ್ಥಿರವಾದದ್ದನ್ನು.

ಇನ್ನೊಂದು ದಾರಿ ಖಾಸಗಿ ಜಾಲ. ಟೇಲ್‌ಸ್ಕೇಲ್, ಝೀರೊಟಿಯರ್‌ನಂಥ ತಂತ್ರಾಂಶವನ್ನು ಆಡುವವರೆಲ್ಲ ತಮ್ಮ ಕಂಪ್ಯೂಟರಿಗೆ ಹಾಕಿಕೊಂಡರೆ ಅವಷ್ಟೂ ಒಂದೇ ಮನೆಯ ವೈಫೈನಲ್ಲಿದ್ದಂತೆ ಕಾಣುತ್ತವೆ. ಇದರ ಗುಟ್ಟು ಸೊಗಸಾಗಿದೆ. ಹೊರಗಿನಿಂದ ಒಳಗೆ ಬರಲಾಗದು, ಒಳಗಿನಿಂದ ಹೊರಗೆ ಹೋಗಬಹುದು ತಾನೆ? ಹಾಗಾದರೆ ಮೈಸೂರು, ಹುಬ್ಬಳ್ಳಿ ಎರಡೂ ಒಂದೇ ಹೊತ್ತಿಗೆ ಹೊರಗೆ ಕರೆ ಮಾಡಲಿ. ನಡುವೆ ಪರಿಚಯದ ಒಂದು ಸರ್ವರ್ ‘ಅವನು ಈ ಬಾಗಿಲಿನಿಂದ ಹೊರಗೆ ಬಂದಿದ್ದಾನೆ’ ಎಂದು ಒಬ್ಬರಿಗೊಬ್ಬರ ಸುಳಿವು ಕೊಡುತ್ತದೆ. ಇಬ್ಬರ ರೂಟರಿನ ಪುಸ್ತಕದಲ್ಲೂ ಹೊರಗೆ ಹೋದ ಕರೆಯ ಗುರುತು ಬಿದ್ದಿರುವುದರಿಂದ ಎದುರಿನವನ ಮಾತನ್ನು ಉತ್ತರವೆಂದೇ ತಿಳಿದು ಒಳಗೆ ಬಿಡುತ್ತವೆ. ಟೇಲ್‌ಸ್ಕೇಲ್ ಕೂಡ 100.64ರಿಂದ ಶುರುವಾಗುವ ಆ ಮೀಸಲು ವಿಳಾಸಗಳನ್ನೇ ಕೊಡುವುದರಿಂದ, ಅದನ್ನು ಕಂಡು ಮತ್ತೆ ಗಾಬರಿಯಾಗಬೇಡಿ.

ಪರಿಚಯವಿಲ್ಲದ ನೂರಾರು ಜನರಿಗೆ ಬಾಗಿಲು ತೆರೆಯಬೇಕೆಂದಿದ್ದರೆ ಈ ದಾರಿ ಸಾಲದು. ಮುಂಬೈಯ ಡೇಟಾ ಸೆಂಟರಿನಲ್ಲಿ ಒಂದು ಕಂಪ್ಯೂಟರ್ ಬಾಡಿಗೆಗೆ ಹಿಡಿಯುವುದೇ ಲೇಸು. ನೆಂಟರ ಮಕ್ಕಳಿಗೆ ಖಾಸಗಿ ಜಾಲವೇ ಸಾಕಾಯಿತು. ಸಂಜೆ ಆರೂವರೆಗೆ ಹುಬ್ಬಳ್ಳಿಯ ಅಣ್ಣ ಒಳಗೆ ಬಂದ. ಪರದೆಯ ಮೂಲೆಯಲ್ಲಿ ಹಳದಿ ಅಕ್ಷರದಲ್ಲಿ ಅವನ ಹೆಸರು ಮೂಡಿದಾಗ ಅಕ್ಕನ ಮಗ ಕಿರುಚಿದ್ದಕ್ಕೆ ಅಡುಗೆಮನೆಯಿಂದ ಅಕ್ಕ ಓಡಿಬಂದಳು. ಶಿವಮೊಗ್ಗದವರಿಗೆ ‘ಔಟ್‌ಡೇಟೆಡ್ ಕ್ಲೈಂಟ್’ ಎಂದು ಬಂತು. ಈ ಸಲ ಅವನು ನನ್ನನ್ನು ಕೇಳದೆ ತಾನೇ ಸರಿಮಾಡಿದ.

ಸೇರಿದ ಮೇಲಿನ ತಡ

ರಾತ್ರಿ ಸ್ಯಾನ್ ಹೊಸೆಯ ಹುಡುಗಿಯೂ ಸೇರಿದಳು. ಅವಳು ಒಡೆದ ಇಟ್ಟಿಗೆ ಒಂದು ಕ್ಷಣ ಬಿಟ್ಟು ಮಾಯವಾಗುತ್ತಿತ್ತು. ಇದು ಸಂಪರ್ಕದ ದೋಷವಲ್ಲ, ದೂರ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ನೂರು ಕಿಲೋಮೀಟರ್ ಹೋಗಿ ಬರಲು 1 ಮಿಲಿಸೆಕೆಂಡ್ ಬೇಕು. ಮೈಸೂರಿನಿಂದ ಸ್ಯಾನ್ ಹೊಸೆ ನೇರ ಲೆಕ್ಕದಲ್ಲೇ ಸುಮಾರು 14,000 ಕಿಲೋಮೀಟರ್, ಅಂದರೆ ಎಳೆಯನ್ನು ದಾರ ಹಿಡಿದಂತೆ ಎಳೆದರೂ 140 ಮಿಲಿಸೆಕೆಂಡಿಗೆ ಕಡಿಮೆಯಿಲ್ಲ. ಸಮುದ್ರದ ತಳದಲ್ಲಿ ಸುತ್ತಿ ಬಳಸಿ ಹೋಗುವ ಕೇಬಲ್ಲಿನಲ್ಲಿ 200 ದಾಟುತ್ತದೆ. ಎಷ್ಟು ಹಣ ಕೊಟ್ಟರೂ, ಯಾವ ಪ್ಲಾನ್ ಹಾಕಿಸಿದರೂ ಇದು ತಗ್ಗುವುದಿಲ್ಲ.

ಈ ತಡವನ್ನು ಅಳೆಯುವ ‘ಪಿಂಗ್’ ಎಂಬ ಪುಟ್ಟ ಪ್ರೋಗ್ರಾಮನ್ನು ಅಮೆರಿಕದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ, ಕೆಟ್ಟುಹೋದ ನೆಟ್‌ವರ್ಕೊಂದನ್ನು ಪತ್ತೆ ಮಾಡಲು ಬರೆದರು. ಜಲಾಂತರ್ಗಾಮಿಗಳ ಸೋನಾರ್ ಸದ್ದಿನ ಹೆಸರದು. ನಲವತ್ತು ವರ್ಷಗಳ ಮೇಲೂ ನಾವು ಮೊದಲು ಕೈಹಾಕುವುದು ಅದಕ್ಕೇ.

ಪಿಂಗ್ ಕಡಿಮೆಯಿದ್ದೂ ಆಟ ತಡವರಿಸಿದರೆ ಸರ್ವರಿನ ಕಡೆ ನೋಡಬೇಕು. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಹೆಜ್ಜೆ ಇಡುತ್ತದೆ, ಒಂದಕ್ಕೆ 50 ಮಿಲಿಸೆಕೆಂಡ್. ಯಂತ್ರ ಸೋತರೆ ‘ಕಾಂಟ್ ಕೀಪ್ ಅಪ್’ ಎಂದು ತಾನೇ ಬರೆದುಕೊಳ್ಳುತ್ತದೆ. ಎಲ್ಲರಿಗೂ ಒಟ್ಟಿಗೆ ಆಗಾಗ ಜಗ್ಗಿದಂತಾದರೆ ಸರ್ವರಿನ ಲ್ಯಾಪ್‌ಟಾಪನ್ನು ವೈಫೈನಿಂದ ಬಿಡಿಸಿ ಕೇಬಲ್ ಹಾಕಿ. ನಮ್ಮಲ್ಲಿ ಅರ್ಧ ತೊಂದರೆ ಅದರಿಂದಲೇ ಹೋಯಿತು.

ಬಾಗಿಲು ತೆರೆದ ಮೇಲೆ

ಅಕ್ಕ ಕೇಳಿದ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು: ‘ಹೊರಗಿನೋರು ಬರೋ ಹಾಗೆ ಮಾಡಿದೀರಲ್ಲ, ಯಾರು ಬೇಕಾದ್ರೂ ಬಂದ್ರೆ?’

ಅವಳ ಭಯಕ್ಕೆ ಆಧಾರವಿದೆ. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಎಂಬ ಜಾವಾ ತುಣುಕಿನಲ್ಲಿ ಸಿಕ್ಕ ದೋಷ ಮೊದಲು ಬಯಲಾದ ಜಾಗಗಳಲ್ಲಿ ಮೈನ್‌ಕ್ರಾಫ್ಟ್ ಸರ್ವರುಗಳೂ ಇದ್ದವು. ಆಟದ ಮಾತುಕತೆಯ ಪೆಟ್ಟಿಗೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸರ್ವರ್ ಅಪರಿಚಿತನ ಆಜ್ಞೆ ಪಾಲಿಸುತ್ತಿತ್ತು. 1.18.1 ಆವೃತ್ತಿ ಅದಕ್ಕೆ ಮದ್ದಾಗಿ ಬಂತು. ಹಳೆಯ ಸರ್ವರನ್ನು ಹಾಗೇ ತೆರೆದಿಟ್ಟವರಿಗೆ ಅಪಾಯ ಹಾಗೇ ಇದೆ. 2016ರಲ್ಲಿ ಅಮೆರಿಕದ ದೊಡ್ಡ ಜಾಲತಾಣಗಳನ್ನೇ ಉರುಳಿಸಿದ ಮಿರಾಯ್ ಎಂಬ ದಾಳಿಕೋರ ಜಾಲದ ಹುಟ್ಟಿಗೂ ಮೈನ್‌ಕ್ರಾಫ್ಟ್ ಸರ್ವರ್ ನಡೆಸುವವರ ನಡುವಿನ ಪೈಪೋಟಿಯೇ ಮೂಲ. ಅದು ಹಬ್ಬಿದ್ದು ಕಾರ್ಖಾನೆಯ ಪಾಸ್‌ವರ್ಡನ್ನೇ ಇಟ್ಟುಕೊಂಡಿದ್ದ ಮನೆಯ ಕ್ಯಾಮೆರಾ ಮತ್ತು ರೂಟರುಗಳ ಮೂಲಕ.

ಹಾಗಾಗಿ ನಾವು ಅಂದು ರಾತ್ರಿ ಮಲಗುವ ಮೊದಲು ರೂಟರಿನ ಪಾಸ್‌ವರ್ಡ್ ಬದಲಿಸಿದೆವು. ಒಳಗೆ ಬರಬಹುದಾದವರ ಹೆಸರುಪಟ್ಟಿ, ಆಟದ ಭಾಷೆಯಲ್ಲಿ ‘ವೈಟ್‌ಲಿಸ್ಟ್’, ಹಾಕಿದೆವು. ಆಡುವವನ ಖಾತೆ ಅಸಲಿಯೇ ಎಂದು ನೋಡುವ ‘ಆನ್‌ಲೈನ್ ಮೋಡ್’ ಆಫ್ ಮಾಡದಂತೆ ಹೇಳಿಕೊಟ್ಟೆ. ಆಫ್ ಮಾಡಿದರೆ ಯಾರು ಬೇಕಾದರೂ ಹುಬ್ಬಳ್ಳಿ ಅಣ್ಣನ ಹೆಸರಿಟ್ಟುಕೊಂಡು ಬರಬಹುದು. ಹುಡುಗ ಎರಡು ದಿನದ ಹಿಂದೆ ರೂಟರಿನಲ್ಲಿ ಡಿಎಂಝಡ್ ಎಂಬ ಆಯ್ಕೆಯನ್ನೂ ಒತ್ತಿದ್ದ. ಒಂದು ಯಂತ್ರದ ಎಲ್ಲ ಪೋರ್ಟನ್ನೂ ಹೊರಗೆ ತೆರೆದಿಡುವ ಆಯ್ಕೆ ಅದು. ಗೇಮ್ ಸರ್ವರಿಗೆ ಯಾವತ್ತೂ ಬೇಕಾಗುವುದಿಲ್ಲ. ಬೆಳಗ್ಗೆ ನಾವು ಎಲ್ಲವನ್ನೂ ಹಿಂದಕ್ಕೆ ತಿರುಗಿಸಿದಾಗ ಅದೂ ಹೋಗಿತ್ತು, ಪುಣ್ಯಕ್ಕೆ.

ರಜೆ ಮುಗಿಯುವ ಹೊತ್ತಿಗೆ ಆಟದೊಳಗೆ ಒಂದು ಕೆರೆ, ಕೆರೆಯ ಏರಿ, ಅದರಾಚೆ ನಾಲ್ಕು ಮನೆಯ ಒಂದು ಬೀದಿ ಎದ್ದಿದ್ದವು. ಕೆರೆ ತೋಡಿದವಳು ಸ್ಯಾನ್ ಹೊಸೆಯ ಹುಡುಗಿ.

ನಿಮ್ಮ ಮನೆಗೆ ಹೊಸ ಇಂಟರ್ನೆಟ್ ಹಾಕಿಸುವಾಗ ಎಷ್ಟು ಎಂಬಿಪಿಎಸ್, ತಿಂಗಳಿಗೆ ಎಷ್ಟು ಎಂದು ಕೇಳಿದ ಮೇಲೆ ದಯವಿಟ್ಟು ಇನ್ನೆರಡು ಪ್ರಶ್ನೆ ಕೇಳಿ. ನನಗೆ ಪಬ್ಲಿಕ್ ಐಪಿ ವಿಳಾಸ ಕೊಡುತ್ತೀರಾ? ಐಪಿವಿ6 ಇದೆಯಾ, ಅದರ ಫೈರ್‌ವಾಲಿನಲ್ಲಿ ಒಂದು ಪೋರ್ಟ್ ತೆರೆಯಲು ನನಗೆ ಅವಕಾಶ ಇದೆಯಾ? ಬಾಯಿಮಾತಿನ ಉತ್ತರ ಸಾಲದು, ಮೊದಲ ತಿಂಗಳ ಹಣ ಕಟ್ಟುವ ಮೊದಲು ಬರೆಸಿಕೊಳ್ಳಿ.